ಗೋಡೆಯ ಬುಡದ ನೀರು

ಟೈಲರಮ್ಮನ ಮನೆಯ ಬಚ್ಚಲ ಬಾಗಿಲು ಮೊದಮೊದಲು ಸ್ವಲ್ಪ ಬಿಗಿಯಾಗಿತ್ತು, ಅಷ್ಟೆ. ಬರಬರುತ್ತಾ ಹೆಗಲು ಕೊಟ್ಟು ತಳ್ಳಬೇಕಾಯಿತು. ಬಡಗಿ ಬಂದು ಬಾಗಿಲಿನ ಅಂಚು ಹೆರೆದು ಕೊಟ್ಟು ಹೋದ.

"ಮರ ಅಲ್ವಾಮ್ಮ, ತೇವ ಕುಡಿದ್ರೆ ಊದ್ಕೊಳ್ಳುತ್ತೆ. ಬಿಸಿಲು ಬಂದ್ರೆ ಸರಿ ಹೋಗುತ್ತೆ" ಎಂದ.

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮಳೆಗಾಲ ಮುಗಿದು ಬಿಸಿಲು ಬಂದರೂ ಬಾಗಿಲು ಸಡಿಲವಾಗಲಿಲ್ಲ. ಅದರ ಮೇಲಿನ ಮೂಲೆಯಿಂದ ಒಂದು ಬಿರುಕು ಹೊರಟು, ಗೋಡೆಯ ಮೇಲೆ ಓರೆಯಾಗಿ ಏರತೊಡಗಿತು.

ಆ ಮನೆಯನ್ನು ಕಟ್ಟಿದವನು ಟೈಲರಮ್ಮನ ಸ್ವಂತ ಅಣ್ಣ. ಮನೆ ಕಟ್ಟುವುದೇ ಅವನ ಕಸುಬು, ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ತಂಗಿಯ ಮನೆ ಎಂದು ಒಂದೊಂದು ಇಟ್ಟಿಗೆಯನ್ನೂ ನೀರಲ್ಲಿ ನೆನೆಸಿ, ತಾನೇ ಕೈಯಾರೆ ಇಟ್ಟಿದ್ದ. ಬಿರುಕಿನ ಸುದ್ದಿ ಕೇಳಿ ಬಂದು ಸಿಮೆಂಟ್ ತುಂಬಿದ. ಸ್ವಲ್ಪ ದಿನದಲ್ಲೇ ಅದೇ ಜಾಗ ಮತ್ತೆ ಬಾಯಿ ಬಿಟ್ಟಿತು. ಮತ್ತೊಮ್ಮೆ ಬಂದು ತುಂಬಿದ. ಮತ್ತೆ ಬಿಟ್ಟಿತು.

ಟೈಲರಮ್ಮನ ಗಂಡ ಬಸ್ ಡ್ರೈವರ್. ಒಳ್ಳೆಯವನೇ, ಆದರೆ ಸಿಟ್ಟು ಬಂದರೆ ನಾಲಿಗೆಗೆ ಬ್ರೇಕ್ ಇಲ್ಲ. ಒಂದು ಸಂಜೆ ಎಲ್ಲರೆದುರಿಗೇ ಅಂದುಬಿಟ್ಟ.

"ಊರವರ ಮನೆಯೆಲ್ಲ ಬಂಡೆ ಹಂಗೆ ಕಟ್ತೀರಿ. ತಂಗಿ ಮನೆಗೆ ಸಿಮೆಂಟ್ ಹಾಕೋಕೆ ಮಾತ್ರ ಕೈ ಬರ್ಲಿಲ್ಲ ಅಲ್ವಾ ಭಾವ?"

ಮೇಸ್ತ್ರಿ ಕರಣೆಯನ್ನು ತೊಳೆದು ಚೀಲಕ್ಕೆ ಹಾಕಿಕೊಂಡ. ತಂಗಿಯ ಮುಖ ನೋಡಿದ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಅಂದಿನಿಂದ ಅವನು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಎಷ್ಟೋ ಸಲ ಸುಮ್ಮನೆ ಕಣ್ಣೊರೆಸಿಕೊಂಡಳು. ಗಂಡನ ಪರ ಮಾತಾಡಿದರೆ ಅಣ್ಣನಿಗೆ ಅನ್ಯಾಯ, ಅಣ್ಣನ ಪರ ಮಾತಾಡಿದರೆ ಮನೆಯಲ್ಲಿ ಜಗಳ.

ಹೀಗಿರುವಾಗ ಒಂದು ಬೆಳಿಗ್ಗೆ ಅವಳ ಅತ್ತೆ ಸ್ನಾನಕ್ಕೆ ಹೋದವರು ಒಳಗಿನಿಂದಲೇ ಕೂಗಿಕೊಂಡರು.

"ಅಯ್ಯೋ, ಬಾಗಿಲು ಬರ್ತಿಲ್ಲ ಕಣೇ!"

ಟೈಲರಮ್ಮ ಯಂತ್ರ ಬಿಟ್ಟು ಓಡಿದಳು. "ಅತ್ತೆ, ಚಿಲಕ ತೆಗೆದ್ರಾ?"

"ತೆಗ್ದೆ ಕಣೇ! ಅಲ್ಲಾಡ್ತಾನೇ ಇಲ್ಲ. ನಂಗೆ ಉಸಿರು ಕಟ್ತಾ ಇದೆ..."

ಅತ್ತೆಗೆ ಮೊದಲೇ ಉಬ್ಬಸ. ಟೈಲರಮ್ಮ ತಳ್ಳಿದಳು, ಒದ್ದಳು. ಬಾಗಿಲು ಕಲ್ಲಿನಂತೆ ಕೂತಿತ್ತು. ಗಂಡ ಬಸ್ ತೆಗೆದುಕೊಂಡು ಹೋಗಿದ್ದ. ಅವಳು ಹಿತ್ತಲ ಕಡೆಯಿಂದ ಕೂಗಿದ ಕೂಗಿಗೆ ಪಕ್ಕದ ಮನೆಯ ಮಣ್ಣಕ್ಕ ಹಾರೆ ಹಿಡಿದೇ ಓಡಿ ಬಂದಳು.

ಮಣ್ಣಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಅವಳು ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ರಸ್ತೆಗೆ, ಸೇತುವೆಗೆ, ಮನೆಗೆ ಎಂದು ಬರುವ ಮಣ್ಣನ್ನು ತೂಗುವುದು, ಒಣಗಿಸುವುದು, ಅದರಲ್ಲಿ ಎಷ್ಟು ನೀರಿದೆ ಎಂದು ಅಳೆಯುವುದು ಅವಳ ದಿನದ ಕೆಲಸ.

"ಅಮ್ಮ, ಬಾಗಿಲಿಂದ ದೂರ ಸರ್ಕೊಂಡು ಕೂತ್ಕೊಳ್ಳಿ. ನಿಧಾನ ಉಸಿರಾಡಿ. ಈಗ ತೆಗಿತೀವಿ" ಎಂದು ಧೈರ್ಯ ಹೇಳಿ, ಬಾಗಿಲಿನ ಸಂದಿಗೆ ಹಾರೆ ಕೊಟ್ಟಳು. ಇಬ್ಬರೂ ಸೇರಿ ಮೀಟಿದರು. ಹಲಗೆ ಚಟಚಟನೆ ಸೀಳಿತು. ಬಾಗಿಲು ಕಿತ್ತು ಬಂತು. ಅತ್ತೆಯ ತುಟಿ ನೀಲಿಗಟ್ಟಿತ್ತು. ಸೊಸೆ ಅವರನ್ನು ತಬ್ಬಿಕೊಂಡು ಹೊರಗೆ ತಂದು ಗಾಳಿಗೆ ಕೂರಿಸಿ, ಉಬ್ಬಸದ ಔಷಧಿ ಕೊಟ್ಟಳು. ಉಸಿರು ಸಮಕ್ಕೆ ಬಂದ ಮೇಲೆ ಅತ್ತೆ ಅಂದರು, "ಸ್ನಾನ ಮಾಡಿದವಳಿಗೆ ಮತ್ತೆ ಬೆವರಿಳಿಸ್ತಲ್ಲೇ ಹಾಳಾದ್ ಬಾಗಿಲು!"

ಮೂವರೂ ನಕ್ಕರು. ಆದರೆ ಮಣ್ಣಕ್ಕನ ಕಣ್ಣು ಬಿರುಕಿನ ಮೇಲೇ ಇತ್ತು.

"ನಿನ್ನ ಕತ್ತರಿ, ಒಂದಿಷ್ಟು ದಾರ ಕೊಡು" ಎಂದಳು. ದಾರಕ್ಕೆ ಕತ್ತರಿ ಕಟ್ಟಿ ಬಾಗಿಲ ಚೌಕಟ್ಟಿನ ಮೇಲಿನಿಂದ ಇಳಿಬಿಟ್ಟಳು. ದಾರ ನೇರ ನಿಂತಿತು. ಚೌಕಟ್ಟು ದಾರದಿಂದ ಪಕ್ಕಕ್ಕೆ ವಾಲಿತ್ತು.

"ನೋಡು. ಬಾಗಿಲು ಊದಿದ್ರೆ ಹೆರೆದಾಗ್ಲೇ ಸರಿ ಹೋಗ್ಬೇಕಿತ್ತು. ಚೌಕಟ್ಟೇ ಓರೆಯಾಗಿದೆ. ಅಂದ್ರೆ ಗೋಡೆ ಅಲ್ಲಾಡಿದೆ."

"ಹಾಗಿದ್ರೆ ನಮ್ಮಣ್ಣ..." ಟೈಲರಮ್ಮ ಬಿರುಕಿನತ್ತ ನೋಡಿದಳು.

"ತಡಿ. ಮೊದಲು ಹೊರಗೆ ಹೋಗಿ ನೋಡೋಣ."

ಬಚ್ಚಲಿನ ಹಿಂದೆ, ಗೋಡೆಗೆ ತಾಗಿಕೊಂಡೇ ಅತ್ತೆಯ ತರಕಾರಿ ಪಾತಿ ಇತ್ತು. ಬೀನ್ಸ್ ಬಳ್ಳಿ ಕಿಟಕಿಯವರೆಗೂ ಹಬ್ಬಿತ್ತು, ಟೊಮೆಟೊ ಗೊಂಚಲು ಗೊಂಚಲಾಗಿ ಬಿಟ್ಟಿತ್ತು. ಬಚ್ಚಲ ನೀರು ಸುಮ್ಮನೆ ಚರಂಡಿಗೆ ಹೋಗುತ್ತದಲ್ಲ ಎಂದು ಅತ್ತೆಯೇ ಪೈಪಿನ ಕೊನೆಯ ತುಂಡನ್ನು ಕಳಚಿ, ನೀರು ಪಾತಿಗೆ ಬೀಳುವಂತೆ ಮಾಡಿದ್ದರು. ಬೀದಿಯ ಹೆಂಗಸರೆಲ್ಲ ಆ ಬೀನ್ಸನ್ನು ಹೊಗಳಿ ಒಯ್ಯುತ್ತಿದ್ದರು.

ಮಣ್ಣಕ್ಕ ಪಾತಿಯ ಪಕ್ಕದಲ್ಲಿ ಹಾರೆ ಊರಿದಳು. ಅದು ಬೆಣ್ಣೆಗೆ ಇಳಿದಂತೆ ಇಳಿಯಿತು. ಮನೆಯ ಇನ್ನೊಂದು ಮೂಲೆಗೆ ಹೋಗಿ ಕುಕ್ಕಿದಳು. ಠಣ್ ಎಂದು ಹಾರೆ ಹಿಂದಕ್ಕೆ ಪುಟಿಯಿತು.

"ಒಂದೇ ಅಂಗಳದ ಒಂದೇ ಮಣ್ಣು. ನೀರು ಮಾತ್ರ ಬೇರೆ" ಎಂದಳು ಮಣ್ಣಕ್ಕ. "ಇದು ಕಪ್ಪು ಜಿಗುಟು ಮಣ್ಣು. ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ. ಈ ಮೂಲೆ ವರ್ಷವೆಲ್ಲ ನೀರು ಕುಡೀತಾ ಇದೆ, ಆ ಮೂಲೆ ಒಣಗಿ ಕೂತಿದೆ. ಮನೆ ಒಂದು ಕಡೆ ಎದ್ದು ಇನ್ನೊಂದು ಕಡೆ ಇಳಿದ್ರೆ ನಡುವೆ ಗೋಡೆ ಏನು ಮಾಡ್ಬೇಕು? ಸೀಳುತ್ತೆ."

ಅತ್ತೆಗೆ ರೇಗಿತು. "ನಾಲ್ಕು ಬಳ್ಳಿಗೆ ಹಾಕೋ ನೀರು ಇಷ್ಟು ದೊಡ್ಡ ಗೋಡೇನ ಎತ್ತುತ್ತೇನಮ್ಮ? ಮಣ್ಣು ಅಂದ್ರೇನು ಬಸ್ ಎತ್ತೋ ಜಾಕಾ? ನಾವೂ ಹುಟ್ಟಿದಾಗಿಂದ ಮಣ್ಣು ತುಳಿದೋರೇ!"

ಮಣ್ಣಕ್ಕ ವಾದ ಮಾಡಲಿಲ್ಲ. ಎರಡು ಗಾಜಿನ ಲೋಟ ತರಿಸಿದಳು. ಒಂದರಲ್ಲಿ ಅರ್ಧದವರೆಗೆ ಮರಳು, ಇನ್ನೊಂದರಲ್ಲಿ ಅರ್ಧದವರೆಗೆ ಅಂಗಳದ ಒಣಮಣ್ಣನ್ನು ಪುಡಿ ಮಾಡಿ ಹಾಕಿದಳು. ಲೋಟದ ಹೊರಗೆ ಟೈಲರಮ್ಮನ ಸೀಮೆಸುಣ್ಣದಿಂದ ಒಳಗಿನ ಮಟ್ಟಕ್ಕೆ ಗೆರೆ ಎಳೆದು, ಎರಡಕ್ಕೂ ನೀರು ತುಂಬಿ, ಕಲಕಿ ಬಿಟ್ಟಳು.

"ನಾಳೆ ನೋಡಿ ಅಮ್ಮ. ನನ್ನ ಮಾತು ನಂಬ್ಬೇಡಿ, ನಿಮ್ಮ ಕಣ್ಣು ನಂಬಿ."

ಮರುದಿನ ಡ್ರೈವರಿಗೆ ರಜೆ. ಎಲ್ಲರೂ ಕಿಟಕಿಯ ಹತ್ತಿರ ಸೇರಿದರು. ಮರಳು ಗೆರೆಯ ಹತ್ತಿರವೇ ತೆಪ್ಪಗೆ ಕೂತಿತ್ತು. ಮಣ್ಣು ಗೆರೆ ದಾಟಿ, ಹಿಟ್ಟು ಉಬ್ಬಿದಂತೆ ಮೇಲೇರಿತ್ತು. ಡ್ರೈವರು ಲೋಟ ಎತ್ತಿ ತಿರುಗಿಸಿ ತಿರುಗಿಸಿ ನೋಡಿದ.

"ಇದೇನಕ್ಕ, ಕಣ್ಕಟ್ಟಾ?"

"ನಿಮ್ಮ ಅಂಗಳದ್ದೇ ಮಣ್ಣು, ನಿಮ್ಮ ನಲ್ಲಿದೇ ನೀರು. ಲೋಟದಲ್ಲಿ ಮೇಲೆ ಜಾಗ ಇತ್ತು, ಆರಾಮಾಗಿ ಎದ್ದಿದೆ. ಮನೆ ಕೆಳಗೆ ಜಾಗ ಇಲ್ಲ, ಅದಕ್ಕೇ ಮನೇನೇ ಮೇಲಕ್ಕೆ ಒತ್ತುತ್ತೆ. ಎತ್ತರದ ಕಟ್ಟಡ ಆದ್ರೆ ಭಾರಕ್ಕೆ ಮಣ್ಣು ಸ್ವಲ್ಪ ತಗ್ಗುತ್ತೆ. ನಮ್ಮಂಥ ಚಿಕ್ಕ ಮನೆ ಅದಕ್ಕೆ ಹಗುರ."

ಆಮೇಲೆ ಅವಳು ಅದೇ ಮಣ್ಣಿನ ಮೂರು ಉಂಡೆಗಳನ್ನು ಕಲ್ಲು ಚಪ್ಪಡಿಯ ಮೇಲಿಟ್ಟಳು. ಒಣಗಿದ್ದು, ಸ್ವಲ್ಪ ನೀರು ಹಾಕಿ ನಾದಿದ್ದು, ತುಂಬ ನೀರು ಹಾಕಿದ್ದು.

"ಅಮ್ಮ, ಒಂದೊಂದನ್ನೂ ಒತ್ತಿ ನೋಡಿ."

ಅತ್ತೆ ಒತ್ತಿದರು. ಒಣ ಉಂಡೆ ಹೆಬ್ಬೆರಳಿಗೇ ನೋವು ಕೊಟ್ಟಿತು. ಎರಡನೆಯದು ಒತ್ತಿದಂತೆ ರೂಪ ತಾಳಿತು. ಮೂರನೆಯದು ಬೆರಳ ಸಂದಿಯಿಂದ ಜಾರಿ ಚಪ್ಪಡಿಯ ಮೇಲೆ ಹರಡಿತು.

"ಇದರ ಮೇಲಾ ನನ್ನ ಮಗನ ಮನೆ ನಿಂತಿರೋದು?" ಅತ್ತೆಯ ದನಿ ಇಳಿದಿತ್ತು.

ಡ್ರೈವರು ಗುದ್ದಲಿ ತಂದು, ಮಣ್ಣಕ್ಕ ತೋರಿಸಿದ ಕಡೆ ಪಾಯದ ಪಕ್ಕದಲ್ಲಿ ಕಿರಿದಾಗಿ ಅಗೆದ. ಒದ್ದೆ ಮಣ್ಣು ಗುದ್ದಲಿಗೆ ಅಂಟಿ ಅಂಟಿ ಬಂತು. ಪಾಯದ ಕಲ್ಲು ಕಾಣಿಸಿತು. ಗಾರೆಯನ್ನು ಉಗುರಿನಿಂದ ಕೆರೆದ, ಆಮೇಲೆ ಗುದ್ದಲಿಯ ಹಿಂಬದಿಯಿಂದ ಕುಟ್ಟಿದ. ಒಂದು ಚೂರೂ ಉದುರಲಿಲ್ಲ. ಗುಂಡಿಯಲ್ಲಿ ಹಾಗೇ ಕೂತುಬಿಟ್ಟ.

"ಸಿಮೆಂಟ್ ಕಮ್ಮಿ ಹಾಕಿಲ್ಲ" ಎಂದ, ಯಾರ ಮುಖವನ್ನೂ ನೋಡದೆ. "ನಾನು ಏನೇನೋ ಅಂದ್ಬಿಟ್ಟೆ."

ಟೈಲರಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಅತ್ತೆ ಬಳ್ಳಿಗಳ ಪಕ್ಕ ಕೂತರು. "ಮೇಸ್ತ್ರೀದೇನು ತಪ್ಪೋ, ಪೈಪ್ ಕಳಚಿದವಳು ನಾನು. ನನ್ನ ಕೈಯಾರೆ ಮನೆ ಕೆಡವ್ತಾ ಇದ್ದೆ. ಅಣ್ಣ ತಂಗೀನೂ ದೂರ ಮಾಡ್ದೆ."

ಮಣ್ಣಕ್ಕ ಅವರ ಪಕ್ಕದಲ್ಲೇ ಕೂತಳು. "ಹಾಗನ್ಬೇಡಿ ಅಮ್ಮ. ನೀರು ದಂಡ ಆಗ್ಬಾರ್ದು ಅಂದ್ಕೊಂಡ್ರಿ. ಅದರಲ್ಲೇನು ತಪ್ಪು? ಪಾತಿ ಇರಲಿ, ನೀರೂ ಇರಲಿ, ಗೋಡೆ ಬುಡದಲ್ಲಿ ಬೇಡ ಅಷ್ಟೇ."

ಆ ದಿನವೇ ತಾಯಿ ಮಗ ಇಬ್ಬರೂ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದರು. ಅವನು ಒಂದು ಹೊಸ ಕಟ್ಟಡಕ್ಕೆ ಬೊಂಬಿನಿಂದ ಕಟ್ಟಿದ ಸಾರುವೆಯ ಮೇಲೆ ನಿಂತು ಇಟ್ಟಿಗೆ ಸಾಲಿಗೆ ದಾರ ಹಿಡಿಯುತ್ತಿದ್ದ. ಇವರನ್ನು ಕಂಡು ಗಾಬರಿಯಿಂದ ಇಳಿದು ಬಂದ.

"ತಂಗಿ ಚೆನ್ನಾಗಿದಾಳಾ?" ಅದೇ ಅವನ ಮೊದಲ ಮಾತು.

ಡ್ರೈವರಿಗೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ಚೆನ್ನಾಗಿದಾಳೆ ಭಾವ. ನಂದು ತಪ್ಪಾಯ್ತು. ಎಲ್ಲರ ಮುಂದೆ ಅಂದೆ, ಈಗ ಎಲ್ಲರ ಮುಂದೇನೇ ಹೇಳ್ತೀನಿ, ತಪ್ಪಾಯ್ತು" ಎಂದ. ಕೆಲಸದವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು.

ಅತ್ತೆ ಪೈಪಿನ ಕಥೆ ಹೇಳಿದರು. ಮೇಸ್ತ್ರಿ ಕೇಳುತ್ತಾ ಕೇಳುತ್ತಾ ಬಾಗಿ ನೆಲದಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡ.

"ಪೂರ್ತಿ ನಿಮ್ಮ ಮೇಲೆ ಹಾಕ್ಕೋಬೇಡಿ ಅಮ್ಮ. ಮನೆ ಕಟ್ಟುವಾಗ ನಾನು ಇಟ್ಟಿಗೆ ಬಡಿದು ನೋಡ್ದೆ, ಮರಳು ಉಜ್ಜಿ ನೋಡ್ದೆ. ಕೆಳಗಿರೋ ಮಣ್ಣನ್ನ ಮಾತ್ರ ಯಾರಿಗೂ ತೋರಿಸ್ಲಿಲ್ಲ. ತೋರಿಸಿದ್ರೆ ಪಾಯ ಬೇರೆ ಥರ ಹಾಕ್ತಿದ್ದೆ. ನಡೀರಿ, ಆದದ್ದಾಯ್ತು."

ಮನೆಗೆ ಬಂದ ಅಣ್ಣನನ್ನು ಕಂಡು ಟೈಲರಮ್ಮ ಎದ್ದು ನಿಂತಳು. ಮೇಸ್ತ್ರಿಯೇ ಅಂದ, "ಏನಮ್ಮ, ಅಣ್ಣ ಬಂದ್ರೆ ಟೀನೂ ಇಲ್ವಾ ಈ ಮನೇಲಿ?" ಅವಳು ಅಳುತ್ತಲೇ ನಕ್ಕು ಒಳಗೆ ಓಡಿದಳು. ಆ ಟೀಗೆ ಸಕ್ಕರೆ ಎರಡು ಸಲ ಬಿದ್ದಿತ್ತು. ಯಾರೂ ಹೇಳಲಿಲ್ಲ.

ಕೆಲಸ ಶುರುವಾಯಿತು. ಮೊದಲು ಪೈಪನ್ನು ಮತ್ತೆ ಜೋಡಿಸಿ, ಸೋರದಂತೆ ಬಿಗಿ ಮಾಡಿ, ನೀರನ್ನು ಗೋಡೆಯಿಂದ ದೂರ ಒಯ್ದರು. ಪಾತಿ ಹಿತ್ತಲಿನ ಆ ತುದಿಗೆ ಹೋಯಿತು. ಅತ್ತೆಯೇ ನಿಂತು ಬೇರಿಗೆ ಪೆಟ್ಟಾಗದಂತೆ ಗಿಡ ಎತ್ತಿಸಿದರು. ತೋಡಿದ ಗುಂಡಿಯನ್ನು ಮುಚ್ಚಿ, ಮಣ್ಣನ್ನು ಕುಟ್ಟಿ ದಮ್ಮಸು ಮಾಡಿದರು. ಮಾಳಿಗೆಯ ಮಳೆನೀರು ಗೋಡೆಯ ಬುಡಕ್ಕೆ ಬೀಳದಂತೆ ಕೊಳವೆ ಉದ್ದ ಮಾಡಿದರು. ಮನೆಯ ಸುತ್ತ ನೆಲವನ್ನು ಹೊರಕ್ಕೆ ಇಳಿಜಾರಾಗಿಸಿ ಕಾಂಕ್ರೀಟಿನ ಪಟ್ಟಿ ಹಾಕಿದರು.

"ಬಿರುಕು ಈಗಲೇ ಮುಚ್ಚಲ್ವಾ?" ಎಂದು ಡ್ರೈವರು ಕೇಳಿದ.

"ಈಗಲೇ ಮುಚ್ಚಿದ್ರೆ ಹಿಂದಿನ ಕಥೆನೇ" ಎಂದಳು ಮಣ್ಣಕ್ಕ. "ಕುಡಿದ ನೀರು ಆರಿ ಮಣ್ಣು ಒಂದು ಹದಕ್ಕೆ ಬರೋಕೆ ಸಮಯ ಬೇಕು. ಒಂದು ಬೇಸಿಗೆ, ಒಂದು ಮಳೆ ನೋಡೋಣ. ಬಿರುಕಿನ ಎರಡೂ ತುದೀಲಿ ಪೆನ್ಸಿಲ್ ಗುರುತು ಹಾಕಿ. ಅದನ್ನ ದಾಟಿ ಬೆಳೀತಾ, ಗೋಡೆ ಉಬ್ಬಿತಾ, ಆ ಕೋಣೇಲಿ ಯಾರೂ ಇರ್ಬೇಡಿ, ಎಂಜಿನಿಯರನ್ನ ಕರೀರಿ."

ಎಂಜಿನಿಯರನ್ನು ಕರೆಯುವ ಸಂದರ್ಭ ಬರಲಿಲ್ಲ. ಬೇಸಿಗೆ ಕಳೆಯಿತು, ಮಳೆಯೂ ಕಳೆಯಿತು. ಬಿರುಕು ಗುರುತು ದಾಟಲಿಲ್ಲ. ಆಮೇಲೆ ಮೇಸ್ತ್ರಿ ಅದನ್ನು ಕೆತ್ತಿ, ತೊಳೆದು, ಗಟ್ಟಿಯಾಗಿ ತುಂಬಿದ. ಅಲ್ಲಿಯವರೆಗೆ ಕಟ್ಟಿದ್ದ ಪರದೆ ತೆಗೆದು, ಚೌಕಟ್ಟನ್ನು ನೇರ ಮಾಡಿ ಹೊಸ ಬಾಗಿಲು ಕೂರಿಸಿದರು.

ಈಗ ಮೇಸ್ತ್ರಿ ಯಾರ ಮನೆ ಕೆಲಸ ಒಪ್ಪಿಕೊಂಡರೂ ಮೊದಲು ಆ ಜಾಗದ ಮಣ್ಣನ್ನು ಲ್ಯಾಬಿಗೆ ಕಳಿಸುತ್ತಾನೆ. ಮನೆಯವರು ಗೊಣಗಿದರೆ ಅತ್ತೆಯ ಹತ್ತಿರ ಕಳಿಸುತ್ತಾನೆ. ಅತ್ತೆ ಅವರನ್ನು ಎದುರಿಗೆ ಕೂರಿಸಿಕೊಂಡು ಎರಡು ಲೋಟ ತರಿಸುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿ ಒಮ್ಮೆ ಎದ್ದು ನಿಮ್ಮ ಮನೆಯ ಸುತ್ತ ನಡೆದು ಬನ್ನಿ. ಪಾತ್ರೆ ತೊಳೆದ ನೀರು ಎಲ್ಲಿ ನಿಲ್ಲುತ್ತದೆ? ಯಾವ ನಲ್ಲಿ ತೊಟ್ಟಿಕ್ಕುತ್ತಿದೆ? ಮಾಳಿಗೆಯ ನೀರು ಎಲ್ಲಿ ಬೀಳುತ್ತದೆ? ಎಲ್ಲ ಮಣ್ಣೂ ಒಂದೇ ಥರ ಇರುವುದಿಲ್ಲ. ಆದರೆ ಒಂದೆಡೆ ಕೆಸರು, ಇನ್ನೊಂದೆಡೆ ಒಣನೆಲ ಯಾವ ಮನೆಗೂ ಒಳ್ಳೆಯದಲ್ಲ. ದೊಡ್ಡ ಮರವನ್ನೂ ಗೋಡೆಗೆ ಅಂಟಿಸಿ ನೆಡಬೇಡಿ, ಅದು ಬುಡದ ತೇವವನ್ನೆಲ್ಲ ಹೀರಿ ಮಣ್ಣನ್ನು ಕುಗ್ಗಿಸಿಬಿಡುತ್ತದೆ. ಹೊಸ ಮನೆ ಕಟ್ಟುವವರು ಪಾಯ ತೋಡುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿ. ಬಿರುಕು ಕಂಡರೆ ಕಟ್ಟಿದವರನ್ನು ಬೈಯುವ ಮುಂಚೆ, ಬಗ್ಗಿ ಗೋಡೆಯ ಬುಡವನ್ನು ಕೈಯಿಂದ ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ನೀರಿಗೆ ಇವತ್ತೇ ಬೇರೆ ದಾರಿ ಮಾಡಿಕೊಡಿ.