ಉಳಿಸಿಕೊಂಡ ಜೋಡಿ

ಮೂರನೆಯ ಜೋಡಿ ಸ್ಪೀಕರ್ ಬಾಕ್ಸನ್ನು ಕೇಳಿಸಿದಾಗಲೂ ಅಮೃತೇಶ್ "ಬೇಡ" ಎಂದ.

ಪವಿತ್ರ ಆಂಪ್ಲಿಫೈಯರಿನ ಗುಂಡಿ ತಿರುಗಿಸಿ ಹಾಡು ನಿಲ್ಲಿಸಿದಳು. ಮಂಚದ ಮೇಲೆ ಎರಡು ದಿಂಬಿಗೆ ಒರಗಿಸಿ ಕೂರಿಸಿದ್ದ ಗಂಡನ ಕಣ್ಣಲ್ಲಿ ನೀರಿತ್ತು. ಮೊದಲ ಜೋಡಿಗೂ ನೀರು ಬಂದಿತ್ತು, ಎರಡನೆಯದಕ್ಕೂ ಬಂದಿತ್ತು. ಬೆಳಿಗ್ಗೆ ಕೆಳಗಡೆ ಬೀದಿಯಲ್ಲಿ ಸೊಪ್ಪಿನವಳು ಕೂಗಿದಾಗಲೂ ಬಂದಿತ್ತು. ಲಕ್ವ ಹೊಡೆದ ಮೇಲೆ ಕೆಲವರಿಗೆ ಹೀಗಾಗುತ್ತದೆ, ಅಳುವುದಕ್ಕೂ ನಗುವುದಕ್ಕೂ ಕಾರಣ ಬೇಕಿಲ್ಲ, ನೀವು ಗಾಬರಿಯಾಗಬೇಡಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಬಲಗಡೆಯ ಕೈಕಾಲು ಹೋಗಿದ್ದವು. ಮಾತು ಹೋಗಿತ್ತು. ಐವತ್ತಮೂರು ವರ್ಷ ಆಡಿದ ಮಾತಿನಲ್ಲಿ ಅದೊಂದು ಪದ ಹೇಗೋ ಉಳಿದುಕೊಂಡಿತ್ತು. ಅನ್ನ ಕಲಸಿ ತಂದರೆ ಬೇಡ. ನೀರಿನ ಲೋಟ ಹಿಡಿದರೆ ಬೇಡ ಎನ್ನುತ್ತಲೇ ಪೂರ್ತಿ ಕುಡಿಯುತ್ತಿದ್ದ. ಅವಳು ಹಣೆಯ ಮೇಲೆ ಕೈಯಿಟ್ಟರೂ ಬೇಡ. ತಲೆಯಾಡಿಸುವುದೂ ಅಷ್ಟೆ, ಹೌದಿಗೂ ಇಲ್ಲಕ್ಕೂ ಒಂದೇ ಥರ.

"ಇದೂ ಬ್ಯಾಡ್ವಂತಾ ಅಣ್ಣಂಗೆ?" ಬಾಗಿಲ ಬಳಿ ನಿಂತಿದ್ದ ನಾಗೇಂದ್ರ ಕೇಳಿದ.

"ಬೇಡ ಅಂದ್ರೆ ಏನು ಅಂತ ನಂಗೇ ಗೊತ್ತಾಗಲ್ಲ ನಾಗೇಂದ್ರ."

ನಾಗೇಂದ್ರ ಟಿ. ನರಸೀಪುರದ ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್. ಹದಿನೆಂಟು ವರ್ಷಗಳಿಂದ ಅಮೃತೇಶನ ಜೊತೆಗಾರ. ಭಾನುವಾರ ಬಂತೆಂದರೆ ಇಬ್ಬರೂ ಒಂದೇ ಬೈಕಿನಲ್ಲಿ ಮೈಸೂರಿನ ಹಳೆಯ ಮನೆಗಳನ್ನೂ ಗುಜರಿ ಅಂಗಡಿಗಳನ್ನೂ ಸುತ್ತುತ್ತಿದ್ದರು. ಯಾರದೋ ಅಟ್ಟದಲ್ಲಿ ಧೂಳು ಹಿಡಿದ ಸ್ಪೀಕರ್ ಬಾಕ್ಸ್ ಇದೆ ಎಂದು ಗೊತ್ತಾದರೆ ಸಾಕು, ಊಟ ಬಿಟ್ಟು ಓಡುತ್ತಿದ್ದರು. ಇಂದು ಅವನು ಬಂದಿದ್ದು ಅಂಥದೇ ಬಾಕ್ಸುಗಳನ್ನು ಈ ಮನೆಯಿಂದ ಸಾಗಿಸುವುದಕ್ಕೆ. ಕೆಳಗೆ ಮದನ್ ಎಂಬವನ ಪಿಕಪ್ ಗಾಡಿ ಕಾಯುತ್ತಿತ್ತು.

ನಂಜನಗೂಡಿನ ಈ ಮಹಡಿ ಮನೆಯನ್ನು ಬಿಡಲೇಬೇಕಿತ್ತು. ಇಪ್ಪತ್ತೆರಡು ಮೆಟ್ಟಿಲು. ವಾರಕ್ಕೆ ಎರಡು ಸಲ ವ್ಯಾಯಾಮ ಮಾಡಿಸುವವರ ಹತ್ತಿರ ಕರೆದೊಯ್ಯಬೇಕೆಂದರೆ ಅಮೃತೇಶನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಇಳಿಸಬೇಕು. ಪವಿತ್ರ ಪಾಠ ಹೇಳುವ ಸರ್ಕಾರಿ ಶಾಲೆ ಇರುವುದು ನರಸೀಪುರದ ಆಚೆ, ಸೋಮನಾಥಪುರದ ದಾರಿಯಲ್ಲಿ. ಅವಳ ತಾಯಿ ಚನ್ನಾಜಮ್ಮನ ಮನೆ ನರಸೀಪುರದಲ್ಲೇ ಇತ್ತು, ನೆಲಮಟ್ಟದ್ದು. ಹಗಲು ತಾಯಿ ನೋಡಿಕೊಂಡರೆ ಮಧ್ಯಾಹ್ನದ ಬಿಡುವಿನಲ್ಲಿ ತಾನೂ ಬಂದು ಹೋಗಬಹುದು. ಮಕ್ಕಳಿಲ್ಲದ ಅವರಿಗೆ ಬೇರೆ ಕಡೆ ಕೇಳುವಂತೆಯೂ ಇರಲಿಲ್ಲ. ಅಲ್ಲಿ ಅಮೃತೇಶನಿಗೆ ಬಿಟ್ಟುಕೊಟ್ಟ ಕೋಣೆಯಲ್ಲಿ ಮಂಚ ಹಾಕಿದ ಮೇಲೆ ಒಂದು ಜೋಡಿ ಬಾಕ್ಸಿಗೆ ಜಾಗ ಉಳಿಯುತ್ತಿತ್ತು. ಒಂದೇ ಜೋಡಿ.

ಅವನ ಬಳಿ ಮೂರಿದ್ದವು. ಸೊಂಟದೆತ್ತರದ, ಮುಂದೆ ಮರದ ಜಾಲರಿ ಇರುವ ಜಪಾನಿನದು. ಕಂದು ಬಟ್ಟೆ ಹೊದಿಸಿದ, ಆಕ್ರೋಟ್ ಮರದ ಹೊಳಪಿನ ಇಂಗ್ಲೆಂಡಿನದು. ಅದಕ್ಕೆ ಅವನಷ್ಟೇ ವಯಸ್ಸು. ಮೂರನೆಯದು ಅವನೇ ಮಾಡಿಕೊಂಡದ್ದು. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಬಿಳಿಗೆರೆ ಕಡೆಯ ರೈತರ ಪಂಪುಗಳಿಗೆ ತಂತಿ ಸುತ್ತುತ್ತ, ಬಿಡುವಾದಾಗ ಬಾಕ್ಸಿನ ಕಾಯಿಲ್‌ಗಳನ್ನೂ ಸುತ್ತಿಕೊಂಡು, ಹಳೆಯ ತೇಗದ ಬಾಗಿಲು ಕೊಯ್ಯಿಸಿ ಮಾಡಿದ್ದು. ಯಾವುದು ಇಷ್ಟ ಎಂದು ಪವಿತ್ರ ಒಂದು ದಿನವೂ ಕೇಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವನು ಅವಳನ್ನು ಎರಡು ಬಾಕ್ಸುಗಳ ಎದುರಿಗೆ, ಸರಿಯಾಗಿ ಮಧ್ಯಕ್ಕೆ ಕುರ್ಚಿ ಹಾಕಿ ಕೂರಿಸುತ್ತಿದ್ದ. ಐದು ನಿಮಿಷಕ್ಕೆ ಕುಕ್ಕರ್ ಕೂಗುತ್ತಿತ್ತು, ಅವಳು ಎದ್ದು ಹೋಗುತ್ತಿದ್ದಳು. ಕುಕ್ಕರ್ ಕೂಗದಿದ್ದರೂ ಹೋಗುತ್ತಿದ್ದಳು. ಆಮೇಲೆ ಅವನು ಕರೆಯುವುದನ್ನು ಬಿಟ್ಟ. ಬಾಕ್ಸಿನ ಮೇಲೆ ಒಣಗಿದ ಬಟ್ಟೆಯ ರಾಶಿ ಹಾಕುವುದಕ್ಕೆ ಮಾತ್ರ ಒಂದೆರಡು ಸಲ ಜಗಳವಾಗಿತ್ತು.

"ನೀನೇ ಹೇಳು," ಎಂದಳು ನಾಗೇಂದ್ರನಿಗೆ. "ಅವರಿಗೆ ಯಾವುದು ಅಂದ್ರೆ ಪ್ರಾಣ?"

ನಾಗೇಂದ್ರ ಕತ್ತು ಉಜ್ಜಿಕೊಂಡ. "ಏನ್ ಹೇಳಾದಕ್ಕ. ಈ ತಿಂಗ್ಳು ಜಪಾನು ಅನ್ನೋನು, ಬರೋ ತಿಂಗ್ಳು ಅದ್ರಲ್ಲಿ ಬರೀ ಬುರುಡೆ ಕಣ್ಲಾ ಅನ್ನೋನು. ಕೊಳ್ಳೋವಾಗ ಮಾತ್ರ ಹೆಸರು ನೋಡ್ತಿರ್ಲಿಲ್ಲ. ಗೆಣ್ಣಲ್ಲಿ ಬಾಕ್ಸ್ ತಟ್ಟಿ ನೋಡೋನು. ಸ್ಪೀಕರಿನ ಕಾಗದದ ಕೋನು ಒಂಚೂರು ಒತ್ತಿ, ಒಳಗೆ ಕರಕರ ಅಂತದಾ ಅಂತ ಕಿವಿ ಇಡೋನು. ಆಮೇಲೆ ರೇಡಿಯೋ ವಾರ್ತೆ ಹಾಕ್ಸೋನು. ಅಂಗಡಿಯೋರೆಲ್ಲ ನಗೋರು. ಹಾಡು ಯಾವ ಡಬ್ಬದಲ್ಲಾದ್ರೂ ಚೆಂದಾಗೇ ಕೇಳ್ತದೆ, ಮನುಷ್ಯ ಮಾತಾಡಿದ್ರೆ ಮನುಷ್ಯನ ಥರ ಕೇಳ್ಬೇಕು, ಅದು ಕಷ್ಟ ಅನ್ನೋನು."

"ಹಾಗಾದ್ರೆ ಮಾತೇ ಹಾಕಿ ನೋಡೋಣ."

"ಈಗ ವಾರ್ತೆ ಟೈಮಲ್ಲ."

ಪವಿತ್ರ ಕೈಯಲ್ಲಿದ್ದ ಫೋನನ್ನು ನೋಡಿದಳು. ಹಾಡು ಬರುತ್ತಿದ್ದುದೂ ಅದರಿಂದಲೇ, ನಾಗೇಂದ್ರ ತಂದ ವೈರಿನ ಮೂಲಕ. ಅದರಲ್ಲಿ ಅಮೃತೇಶನ ಮಾತು ಬೇಕಾದಷ್ಟಿತ್ತು. ಅವನಿಗೆ ಅಕ್ಷರ ಒತ್ತುವುದೆಂದರೆ ಬೇಸರ. ಏನಿದ್ದರೂ ವಾಟ್ಸಾಪಿನಲ್ಲಿ ಮಾತಾಡಿಯೇ ಕಳಿಸುತ್ತಿದ್ದ. ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಮೇಲಕ್ಕೆ ಸರಿಸುತ್ತ ಹೋಗಿ ಆಗಸ್ಟಿನ ಒಂದನ್ನು ಒತ್ತಿದಳು.

"ಪವಿತ್ರಾ, ಬಸ್ಸು ಸಿಕ್ತಾ? ಸಿಗ್ಲಿಲ್ಲ ಅಂದ್ರೆ ಅಲ್ಲೇ ನಿಂತಿರು, ನಾನೇ ಗಾಡಿ ತಗೊಂಡು ಬರ್ತೀನಿ. ಇಲ್ಲಿ ಮಳೆ ಬರೋ ಹಂಗದೆ."

ಜಪಾನಿನ ಬಾಕ್ಸುಗಳಲ್ಲಿ ಆ ದನಿ ಹೊಟ್ಟೆ ಉಬ್ಬಿಸಿಕೊಂಡು ಬಂತು, ಮೈಕಿನ ಮುಂದೆ ನಿಂತ ಪುಢಾರಿಯ ಹಾಗೆ. ಅವಳು ತಲೆಯಲ್ಲಾಡಿಸಿದಳು. ನಾಗೇಂದ್ರ ವೈರು ಬದಲಿಸಿದ. ಗೆಳೆಯನ ದನಿ ಕೇಳಿ ಅವನ ಮುಖ ಬಿಳುಚಿತ್ತು, ಆದರೂ ಅವಳನ್ನು ತಡೆಯಲಿಲ್ಲ. ತೇಗದ ಬಾಕ್ಸುಗಳಲ್ಲಿ ಅಮೃತೇಶ್ ನೆಗಡಿಯಾದವನಂತೆ ಮೂಗಿನಲ್ಲಿ ಮಾತಾಡಿದ. ಇಷ್ಟು ದಿನ ತನ್ನ ಕೈಯಾರೆ ಮಾಡಿದ್ದೆಂದು ಒರೆಸಿ ಒರೆಸಿ ಇಟ್ಟುಕೊಂಡದ್ದು, ಪಾಪ, ಎಂದುಕೊಂಡಳು.

ಇಂಗ್ಲೆಂಡಿನದಕ್ಕೆ ವೈರು ಸಿಕ್ಕಿಸಿ ಮತ್ತೆ ಒತ್ತಿದಾಗ ಗಂಡ ಕೋಣೆಯಲ್ಲಿ ನಿಂತಿದ್ದ. ಎರಡು ಬಾಕ್ಸುಗಳ ನಡುವೆ, ಕ್ಯಾಲೆಂಡರ್ ತೂಗುಹಾಕಿದ್ದ ಗೋಡೆಯ ಹತ್ತಿರ, ಆಳೆತ್ತರದಲ್ಲಿ. ಅವಳ ಹೆಸರು ಹೇಳುವ ಮೊದಲು ಗಂಟಲಲ್ಲಿ ಒಂದು ಸಣ್ಣ ತಡೆ ಇರುತ್ತಿತ್ತು. ಕೆಮ್ಮೂ ಅಲ್ಲದ, ಉಸಿರೂ ಅಲ್ಲದ ಒಂದು ಚೂರು ಸದ್ದು. ಆ ಸದ್ದು ತನಗೆ ಗೊತ್ತಿದೆ ಎಂಬುದೇ ಅವಳಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಈಗ ಅದು ಕೇಳಿಸಿತು. "ಪವಿತ್ರಾ, ಬಸ್ಸು ಸಿಕ್ತಾ?"

"ಇದೇ," ಎಂದಳು. "ನಾಗೇಂದ್ರ, ಇದೇ ಕಣೋ. ಇದು ಇರಲಿ."

ನಾಗೇಂದ್ರ ಅವಳನ್ನು ನೋಡುತ್ತಿರಲಿಲ್ಲ. ಅವಳೂ ತಿರುಗಿದಳು.

ಅಮೃತೇಶ್ ಅಳುತ್ತಿರಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಅವನ ಮುಖ ತನ್ನ ಹಿಡಿತದಲ್ಲೇ ಇದ್ದಂತಿತ್ತು. ಕಣ್ಣು ಗೋಡೆಯ ಹತ್ತಿರದ ಆ ಖಾಲಿ ಜಾಗದ ಮೇಲೆ ನೆಟ್ಟಿತ್ತು. ತುಟಿ ಅಲುಗುತ್ತಿತ್ತು, ಬಾಕ್ಸಿನಿಂದ ಬರುವ ಒಂದೊಂದು ಮಾತನ್ನೂ ಹಿಂಬಾಲಿಸಿ ಹಿಡಿಯಲು ಹೊರಟಂತೆ. ಮಳೆ ಬರೋ ಹಂಗದೆ ಎಂಬಲ್ಲಿ ಮಾತು ಮುಗಿಯಿತು. ಅವನ ತುಟಿ ಇನ್ನೂ ಅಲುಗುತ್ತಿತ್ತು.

"ಬೇಡ," ಎಂದ, ಮೆಲ್ಲಗೆ. ಆಮೇಲೆ ಜೋರಾಗಿ, "ಬೇಡ. ಬೇಡ. ಬೇಡ." ಎಡಗೈಯಿಂದ ತನ್ನ ಬಾಯಿಗೇ ಹೊಡೆದುಕೊಂಡ. ಪವಿತ್ರ ಓಡಿ ಕೈ ಹಿಡಿದರೆ ಆ ಒಂದು ಕೈಯಲ್ಲಿ ಅವಳನ್ನು ತಳ್ಳುವಷ್ಟು ಬಲ ಬಂದಿತ್ತು. ನಾಗೇಂದ್ರ ವೈರನ್ನು ಕಿತ್ತೆಸೆದು ಮಂಚದ ಪಕ್ಕ ಮೊಣಕಾಲೂರಿದ.

"ಅಣ್ಣ, ತಪ್ಪಾಯ್ತು ಕಣಣ್ಣ. ನಂದೇ ತಪ್ಪು. ನೋಡಣ್ಣ ಇಲ್ಲಿ, ನೋಡು ನನ್ನ."

ಅಮೃತೇಶ್ ಯಾರನ್ನೂ ನೋಡಲಿಲ್ಲ. ತುಟಿಯ ಅಂಚು ಒಡೆದು ರಕ್ತ ಬಂದಿತ್ತು. ಕೆಳಗಿನಿಂದ ಮದನ್ ಹಾರನ್ ಹೊಡೆದ. ನಾಗೇಂದ್ರ ಜಪಾನಿನ ಜೋಡಿಯನ್ನೂ ತೇಗದ ಜೋಡಿಯನ್ನೂ ಒಂದೊಂದಾಗಿ ಎತ್ತಿಕೊಂಡು ಇಪ್ಪತ್ತೆರಡು ಮೆಟ್ಟಿಲು ನಾಲ್ಕು ಸಲ ಇಳಿದ. ಗಾಡಿಯವನನ್ನು ಸಹಾಯಕ್ಕೆ ಮೇಲೆ ಕರೆಯಲಿಲ್ಲ.

ಆವತ್ತಿನಿಂದ ಆ ಪದವೂ ನಿಂತುಹೋಯಿತು.

ಒಂದೆರಡು ದಿನ ಸಿಟ್ಟೆಂದುಕೊಂಡಳು. ಊಟ ಹಿಡಿದರೆ ಬಾಯಿ ತೆರೆಯುತ್ತಿದ್ದ, ಮಗ್ಗುಲು ಬದಲಿಸಿದರೆ ಸುಮ್ಮನಿರುತ್ತಿದ್ದ. ವ್ಯಾಯಾಮದವರು ಬೆರಳು ಮಡಿಸಿ ನೋವಾಗಿಸಿದರೂ ಸದ್ದಿಲ್ಲ. ಡಾಕ್ಟರಿಗೆ ಫೋನು ಮಾಡಿದಾಗ ಅವರು, ಇದೂ ಆಗುತ್ತದೆ, ಮನಸ್ಸು ಕುಗ್ಗಿರಬಹುದು, ಏನಾದರೂ ನಡೆಯಿತೇ ಎಂದು ಕೇಳಿದರು. "ಏನೂ ಇಲ್ಲ ಸರ್," ಎಂದಳು. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ನರಸೀಪುರಕ್ಕೆ ಬಂದು ಐದು ವಾರವಾದರೂ ಬಾಕ್ಸುಗಳು ಹಳೆಯ ದುಪ್ಪಟಿ ಹೊದ್ದುಕೊಂಡೇ ಕೋಣೆಯ ಮೂಲೆಗಳಲ್ಲಿದ್ದವು. ನಾಗೇಂದ್ರ ಮೀಟರ್ ನೋಡುವ ನೆಪದಲ್ಲಿ ಬಂದು ಹತ್ತು ನಿಮಿಷ ಮಂಚದ ಬಳಿ ಕೂತು ಎದ್ದು ಹೋಗುತ್ತಿದ್ದ. ಬಾಕ್ಸಿನ ಸುದ್ದಿ ಎತ್ತುತ್ತಿರಲಿಲ್ಲ.

ಚನ್ನಾಜಮ್ಮನಿಗೆ ಆ ಮೌನ ತಡೆಯಲಾಗುತ್ತಿರಲಿಲ್ಲ. "ಅಗಲೆಲ್ಲ ಒಬ್ಳೇ ಮಾತಾಡ್ಕಂಡು ನಂಗೇ ಉಚ್ಚು ಇಡಿಯಂಗಾಗದೆ ಕಣವ್ವಾ," ಎಂದಳು ಒಂದು ಭಾನುವಾರ ಬೆಳಿಗ್ಗೆ. "ಅಳಿಯಂದ್ರು ಸೂರು ನೋಡ್ಕಂಡು ಮನಗಿರ್ತರೆ. ಅಷ್ಟು ದೂರದಿಂದ ಒತ್ಕಂಡು ಬಂದಿದ್ದೀಯಲ್ಲ, ಆ ಪೆಟ್ಗೆನಾರ ಆಕು. ಒಂದು ವಚನನಾರ ಕೇಳ್ಳಿ."

"ಬೇಡಮ್ಮ."

"ಬ್ಯಾಡ ಅನ್ನಕೆ ನೀನ್ಯಾರು? ಅವ್ರು ಅಂದ್ರಾ?"

ಪವಿತ್ರ ತಾಯಿಯ ಮುಖ ನೋಡಿದಳು. ನಂಜನಗೂಡಿನಲ್ಲಿ ನಡೆದದ್ದನ್ನು ಅವಳಿಗೆ ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದುಪ್ಪಟಿ ತೆಗೆದಳು. ಇದುವರೆಗೆ ವೈರು ಮುಟ್ಟಿದವರು ಗಂಡ, ಇಲ್ಲದಿದ್ದರೆ ನಾಗೇಂದ್ರ. ಕೆಂಪು, ಕಪ್ಪು ವೈರುಗಳನ್ನು ಹೇಗೋ ಬಾಕ್ಸುಗಳ ಬೆನ್ನಿಗೆ ಸಿಕ್ಕಿಸಿ, ಫೋನಿನಲ್ಲಿ ಯಾರೋ ಹೆಂಗಸು ಹಾಡಿದ ವಚನ ಹಾಕಿದಳು. ವಾಟ್ಸಾಪನ್ನು ಮೊದಲೇ ಮುಚ್ಚಿ, ಮುಚ್ಚಿದೆಯೇ ಎಂದು ಎರಡೆರಡು ಸಲ ನೋಡಿಕೊಂಡಿದ್ದಳು.

ಸದ್ದೇನೋ ಬಂತು. ಆದರೆ ಹಾಡುವವಳು ಎಲ್ಲೂ ಇರಲಿಲ್ಲ. ದನಿ ತಲೆಯ ಹಿಂದೆಲ್ಲೋ ತೇಲುತ್ತಿತ್ತು, ತಂಬೂರಿ ಗೋಡೆಗೆ ಅಂಟಿಕೊಂಡಿತ್ತು, ತಬಲಕ್ಕೆ ಹೊಟ್ಟೆಯೇ ಇರಲಿಲ್ಲ. ಸಾಗಿಸುವಾಗ ಕೆಟ್ಟಿತೆಂದುಕೊಂಡಳು. ಇದನ್ನೂ ಹಾಳು ಮಾಡಿದೆ ಎಂದುಕೊಂಡಳು.

ಮಂಚದ ಮೇಲೆ ಏನೋ ಕದಲಿತು. ಅಮೃತೇಶ್ ಎಡಗೈ ಎತ್ತಿದ್ದ. ಅಂಗೈಯನ್ನು ಮೇಲೆ ಮಾಡಿದ, ಕೆಳಗೆ ಮಾಡಿದ. ಮತ್ತೆ ಮೇಲೆ, ಮತ್ತೆ ಕೆಳಗೆ.

ಮಗ್ಗುಲಾಗಬೇಕೇನೋ ಎಂದು ಹೋಗಿ ಬೆನ್ನಿಗೆ ಕೈ ಹಾಕಿದಳು. ಕೈ ಸರಿಸಿದ. ಮೂತ್ರದ ಪಾತ್ರೆ ತಂದಳು. ಅದನ್ನು ತಳ್ಳಿದ ರಭಸಕ್ಕೆ ಪಾತ್ರೆ ನೆಲಕ್ಕುರುಳಿತು. ಕೈ ಮಾತ್ರ ಹಾಗೇ ಆಡುತ್ತಿತ್ತು, ಮೇಲೆ, ಕೆಳಗೆ.

ಸದ್ದಿಗೆ ಚನ್ನಾಜಮ್ಮ ಅಡುಗೆಮನೆಯಿಂದ ಬಂದಳು. "ಆಪ್ ಮಾಡು ಅಂತವ್ರೆ ಕಣವ್ವಾ, ನೋಡಲ್ಲಿ. ಆಪ್ ಮಾಡ್ಬುಡು."

ಪವಿತ್ರ ಆಂಪ್ಲಿಫೈಯರಿನ ಕಡೆ ಹೋದಳು. ಗುಂಡಿಗೆ ಕೈ ಹಾಕುತ್ತಲೇ ಹಿಂದಿನಿಂದ ಅವನ ಗಂಟಲು ಕರ್ರೆಂದಿತು. ತಿರುಗಿದರೆ ಕೈ ಈಗ ಕಿಟಕಿ ಪಕ್ಕದ ಬಾಕ್ಸಿನ ಕಡೆ ಚಾಚಿತ್ತು. ಅದನ್ನು ತೋರಿಸಿ ಅಂಗೈ ಮಗುಚಿದ. ಇನ್ನೊಂದು ಬಾಕ್ಸನ್ನು ತೋರಿಸಲಿಲ್ಲ. ಕಿಟಕಿ ಪಕ್ಕದ್ದೇ. ಮಗುಚಿದ.

ಅವಳು ಆ ಬಾಕ್ಸಿನ ಹಿಂದೆ ಕೂತು ಬಗ್ಗಿ ನೋಡಿದಳು. ಕೆಂಪು ಗುರುತಿನ ತೂತಿನಲ್ಲಿ ಕಪ್ಪು ವೈರಿತ್ತು. ಕಪ್ಪಿನಲ್ಲಿ ಕೆಂಪು. ಎರಡನ್ನೂ ಬಿಚ್ಚಿ ಅದಲು ಬದಲು ಮಾಡಿದಳು. ಎರಡನೆಯ ವೈರು ಸಿಕ್ಕಿಸಿದೊಡನೆ ಹಾಡುವವಳು ಎಲ್ಲಿಂದಲೋ ನಡೆದು ಬಂದು ಎರಡು ಬಾಕ್ಸುಗಳ ಮಧ್ಯೆ ಕೂತಳು. ತಂಬೂರಿ ಅವಳ ಹಿಂದಕ್ಕೆ ಸರಿಯಿತು.

"ಸರಿಯಾಯ್ತೇನ್ರೀ?" ಎಂದಳು ಪವಿತ್ರ, ಬಾಕ್ಸಿನ ಹಿಂದಿನಿಂದಲೇ.

ಅವನ ಎಡಗೈ ಹಾಸಿಗೆಯ ಮೇಲೆ ಇಳಿಯಿತು. ಎದ್ದು ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ನೆಲದ ಮೇಲೇ ಸರಿದು ಬಂದು, ಉರುಳಿದ್ದ ಪಾತ್ರೆಯನ್ನು ಪಕ್ಕಕ್ಕಿಟ್ಟು, ಮಂಚದ ಕಾಲಿಗೆ ಬೆನ್ನು ಕೊಟ್ಟು ಕೂತಳು. ವಚನ ಮುಗಿದು ಇನ್ನೊಂದು ಶುರುವಾಯಿತು. ಅಡುಗೆಮನೆಯ ಬಾಗಿಲಲ್ಲಿ ಚನ್ನಾಜಮ್ಮ ಮುದ್ದೆ ತೊಳಸುವ ಕೋಲನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. ಕೋಲಿಗೆ ಮೆತ್ತಿದ್ದ ಹಿಟ್ಟು ಒಣಗುತ್ತ ಬಂದಿತ್ತು.