ಹಸಿದ ಕುದುರೆಗೆ ಒಂದು ಬಕೆಟ್ ಬನ್ನು

ಬೇಕರಿಯಕ್ಕನ ಮನೆಗೆ ಕುದುರೆ ಬಂದ ದಿನ ಬೀದಿಯ ಅರ್ಧ ಜನ ಅವಳ ಹಿತ್ತಲಲ್ಲಿದ್ದರು. ಉಳಿದರ್ಧ ಜನ ಗೋಡೆಯಾಚೆಯಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಮನೆಗೆ ಹೊಸ ಪ್ರಾಣಿ ಬಂದರೆ ಸಾಕು, ಎಲ್ಲರೂ ಡಾಕ್ಟರೇ, ಎಲ್ಲರೂ ಬುದ್ಧಿವಂತರೇ. ನಿಮ್ಮ ಬೀದಿಯಲ್ಲೂ ಹೀಗೇ ತಾನೆ?

ಇಟ್ಟಿಗೆ ಭಟ್ಟಿಯಲ್ಲಿ ಗಾಡಿ ಎಳೆದು ಎಳೆದು ಕುಸಿದು ಬಿದ್ದಿದ್ದ ಗಂಡು ಕುದುರೆ ಅದು. ಪ್ರಾಣಿ ರಕ್ಷಣೆಯವರು ಬಿಡಿಸಿ ತಂದಿದ್ದರು. ಜಾಗ ಇರುವ ಮನೆ ಬೇಕು ಎಂದು ಅವರು ಕೇಳಿದಾಗ ಬೇಕರಿಯಕ್ಕನ ಗಂಡ, ನಮ್ಮ ಸೌದೆ ಶೆಡ್ಡು ಖಾಲಿ ಬಿದ್ದಿದೆ ಎಂದು ಮುಂದೆ ಬಂದಿದ್ದ. ಕುದುರೆಯ ಮೈಯಲ್ಲಿ ಮೂಳೆ ಚಕ್ಕಳ ಬಿಟ್ಟು ಬೇರೇನೂ ಉಳಿದಿರಲಿಲ್ಲ. ನೋಡಿದವರ ಬಾಯಲ್ಲೆಲ್ಲ ಒಂದೇ ಮಾತು: ಪಾಪ.

ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದವಳೇ ಮೊದಲು ಜನರನ್ನು ಆಚೆ ಕಳಿಸಿದಳು. ಹೊಸ ಜಾಗ, ಹೊಸ ವಾಸನೆ, ಇದಕ್ಕೆ ಈಗ ಮನುಷ್ಯರೆಂದರೆ ಪೆಟ್ಟು ಅಷ್ಟೇ, ಒಂದು ವಾರ ನಿಮ್ಮಿಬ್ಬರನ್ನು ಬಿಟ್ಟು ಯಾರೂ ಹತ್ತಿರ ಬರಬಾರದು ಎಂದಳು. ಹಿಂದಿನಿಂದ ಹೋಗಬೇಡಿ, ಪಕ್ಕದಿಂದ ಮಾತಾಡಿಕೊಂಡು ಹೋಗಿ ಎಂದಳು. ಆಮೇಲೆ ಊಟದ ಮಾತಿಗೆ ಬಂದಳು.

"ಹತ್ತು ದಿನ ಹುಲ್ಲು, ನೀರು, ಅಷ್ಟೇ. ಹುಲ್ಲೂ ನಾನು ತೂಗಿ ಕೊಟ್ಟಷ್ಟೇ, ನಾಲ್ಕು ಗಂಟೆಗೊಂದು ಸಲ. ಕಾಳು ಬೇಡ, ಬೂಸಾ ಬೇಡ, ಸಕ್ಕರೆ ಬೇಡ. ನಿಮ್ಮ ಬೇಕರಿ ಸಾಮಾನಂತೂ ಬೇಡವೇ ಬೇಡ."

ಬೇಕರಿಯಕ್ಕನಿಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಹಸಿದು ಬಂದ ಜೀವಕ್ಕೆ ತೂಗಿ ಹಾಕುವುದೆಂದರೇನು? ಅವಳ ಅಪ್ಪ ಕೆಲಸ ಕಳೆದುಕೊಂಡ ವರ್ಷ ಅವಳೂ ಅವಳ ತಂಗಿಯೂ ಎಷ್ಟೋ ದಿನ ನೀರು ಕುಡಿದು ಮಲಗಿದವರು. ಹಸಿವು ಏನೆಂದು ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅವಳ ಅಂಗಡಿ ಮುಂದೆ ಕೈಚಾಚಿದವರು ಬರಿಗೈಲಿ ಹೋದದ್ದೇ ಇಲ್ಲ.

ಗಂಡ ಮಾತ್ರ ಡಾಕ್ಟರಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ. ಒಲೆ ಕೆಲಸ ಮುಗಿಸಿ, ಶೆಡ್ಡಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ಕುದುರೆಗೆ ಮುಖ ಕೊಡದೆ ಪಕ್ಕಕ್ಕೆ ತಿರುಗಿ ಕೂತು, ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದ. ಅವನು ಕೈ ಎತ್ತಿ ಹಾಳೆ ತಿರುವಿದರೆ ಮೊದಲ ದಿನ ಕುದುರೆ ಗೋಡೆಗೆ ಒತ್ತಿಕೊಂಡು ನಡುಗಿತ್ತು. ಮೂರನೇ ದಿನ ಬೆಳಗ್ಗೆ ತಾನಾಗಿ ಬಂದು ಅವನ ಹೆಗಲ ಮೇಲೆ ಮೂತಿ ಇಟ್ಟಿತು. ಗಂಡ ಅಂಗಡಿಗೆ ಬಂದು, ಕಣ್ಣಿಗೆ ಹಿಟ್ಟು ಬಿತ್ತು ಎಂದು ಸುಳ್ಳು ಹೇಳಿ ಕಣ್ಣೊರೆಸಿಕೊಂಡ.

ಅದೇ ದಿನ ಪಕ್ಕದ ಇಸ್ತ್ರಿ ಅಂಗಡಿಯಾಕೆ ಬ್ರೆಡ್ಡು ಕೊಳ್ಳಲು ಬಂದವಳು ಸುಮ್ಮನೆ ಹೋಗಲಿಲ್ಲ. "ಬೇಕರಿ ಮನೆ ಸೇರಿದ್ರೂ ಪಾಪ ಅದಕ್ಕೆ ಉಪವಾಸನೇ ಗತಿ ಅಂತ ಜನ ಆಡ್ಕೋತಿದಾರೆ" ಎಂದಳು. ಜನ ಯಾರೂ ಆಡಿಕೊಂಡಿರಲಿಲ್ಲ. ಆಡಿಕೊಂಡವಳು ಅವಳೊಬ್ಬಳೇ.

ಆದರೆ ಮಾತು ನಾಟಿತು. ಮಧ್ಯಾಹ್ನ ಗಂಡ ಮೈದಾ ತರಲು ಹೋದದ್ದೇ ತಡ, ಬೇಕರಿಯಕ್ಕ ನಿನ್ನೆ ಮಿಕ್ಕ ಬನ್ನುಗಳನ್ನೆಲ್ಲ ಸಕ್ಕರೆ ನೀರಲ್ಲಿ ನೆನೆಸಿ ಒಂದು ಬಕೆಟ್ ತುಂಬ ಒಯ್ದು ಕುದುರೆಯ ಮುಂದಿಟ್ಟಳು. ಬಕೆಟ್ ಖಾಲಿಯಾಗುವವರೆಗೂ ಕುದುರೆ ತಲೆ ಎತ್ತಲಿಲ್ಲ. ಬಕೆಟ್ಟಿನ ತಳ ನೆಕ್ಕಿತು, ಅವಳ ಕೈ ನೆಕ್ಕಿತು. "ತಿನ್ನು ಮಗಾ, ಹೊಟ್ಟೆ ತುಂಬಾ ತಿನ್ನು" ಎಂದು ಅವಳು ಅದರ ಕೊರಳು ಸವರಿದಳು. ಅಷ್ಟು ಸಮಾಧಾನ ಅವಳಿಗೆ ಬಹಳ ದಿನಗಳಿಂದ ಆಗಿರಲಿಲ್ಲ.

ಮರುದಿನ ಬೆಳಗ್ಗೆ ಕುದುರೆಯ ಮೈಯೆಲ್ಲ ಬೆವರು. ಕಾಲು ಗಡಗಡ ನಡುಗುತ್ತಿತ್ತು. ಏಳಲು ಹೋಗಿ ಎರಡು ಸಲ ಬಿತ್ತು. ಡಾಕ್ಟರಮ್ಮ ಓಡಿ ಬಂದಳು, ಹುಲ್ಲು ಬಿಟ್ಟು ಬೇರೇನಾದರೂ ಕೊಟ್ಟಿರಾ ಎಂದು ಕೇಳಿದಳು. ನಾವು ಕೊಡುತ್ತೇವೆಯೇ ಎಂದು ಗಂಡ ನೊಂದುಕೊಂಡ. ಇಬ್ಬರೂ ಬೇಕರಿಯಕ್ಕನ ಮುಖ ನೋಡಿದರು.

"ಇಲ್ಲ" ಎಂದಳು ಅವಳು.

ಒಂದೇ ಒಂದು ಪದ. ಡಾಕ್ಟರಮ್ಮ ಅದನ್ನು ನಂಬಿ, ಇದು ಬೇರೇನೋ ನೋವಿರಬೇಕು ಎಂದುಕೊಂಡು ಇಂಜೆಕ್ಷನ್ ಕೊಟ್ಟು ಕಾದು ಕೂತಳು. ಗಂಡ ಕುದುರೆಯ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ನೀವುತ್ತಲೇ ಇದ್ದ, ನಿನ್ನೆಯ ಪೇಪರು ಓದುತ್ತಲೇ ಇದ್ದ. ಅದನ್ನು ನೋಡಲಾಗದೆ ಮಧ್ಯಾಹ್ನದ ಹೊತ್ತಿಗೆ ಬೇಕರಿಯಕ್ಕ ಬಾಯಿ ಬಿಟ್ಟಳು. ಡಾಕ್ಟರಮ್ಮ ಎದ್ದವಳೇ ಔಷಧಿ ಬದಲಿಸಿದಳು, ಸಲೈನ್ ಬಾಟಲಿ ಏರಿಸಿದಳು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಹಿಟ್ಟು ಸಕ್ಕರೆ ಬಿದ್ದರೆ ರಕ್ತದಲ್ಲಿರುವ ಲವಣಗಳೆಲ್ಲ ಏರುಪೇರಾಗುತ್ತವೆ, ಎದೆ ಬಡಿತವೇ ಹದ ತಪ್ಪುತ್ತದೆ ಎಂದು ಕೆಲಸ ಮಾಡುತ್ತಲೇ ಹೇಳಿದಳು. ಸಂಜೆ ನಾಲ್ಕಕ್ಕೆ ಕುದುರೆ ಸತ್ತಿತು.

"ಬೆಳಗ್ಗೆನೇ ಹೇಳಿದ್ರೆ ಉಳೀತಿತ್ತು ಅಂತ ನಾನು ಹೇಳಲ್ಲ. ಆದ್ರೆ ಬೆಳಗಿನ ಆ ನಾಲ್ಕು ತಾಸು ನನ್ನ ಕೈಲಿ ಇರ್ತಿತ್ತು" ಎಂದಳು ಡಾಕ್ಟರಮ್ಮ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಂಡನೂ ಬೈಯಲಿಲ್ಲ. ಅಂದಿನಿಂದ ಅವನು ಹೆಂಡತಿ ಜೊತೆ ಮೈದಾ, ಯೀಸ್ಟು, ಒಲೆ ಬಿಟ್ಟು ಬೇರೆ ಮಾತಾಡಲಿಲ್ಲ. ಇಸ್ತ್ರಿ ಅಂಗಡಿಯಾಕೆ ಬಂದು, ಪಾಪ ಎಂದು ತಾನೇ ನೀನು ಹಾಕಿದ್ದು, ಬಿಡು ಎಂದು ಸಮಾಧಾನ ಹೇಳಿದಳು. "ಪಾಪ ಅಂತಾನೇ ಹಾಕ್ದೆ. ಆ ಪಾಪ ಈಗ ನನ್ನ ತಲೆ ಮೇಲೇ ಕೂತಿದೆ" ಎಂದಳು ಬೇಕರಿಯಕ್ಕ.

ಇದಾಗಿ ಎರಡು ವಾರಕ್ಕೆ ಅದೇ ಭಟ್ಟಿಯ ಇನ್ನೊಂದು ಕುದುರೆ ಆಚೆ ಬೀದಿಯ ಬಡಗಿಯ ಮನೆಗೆ ಬಂತು. ಬೇಕರಿಯಕ್ಕ ಅಂಗಡಿ ಮುಚ್ಚಿ ಹೋಗಿ ಅವರ ಗೇಟಿನ ಮುಂದೆ ನಿಂತಳು. ಬಡಗಿಯ ತಾಯಿ ಕೈಯಲ್ಲಿ ಬೂಸಾ ತುಂಬಿದ ಬುಟ್ಟಿ ಹಿಡಿದುಕೊಂಡೇ ಮುಖಕ್ಕೆ ಹೊಡೆದಂತೆ ಕೇಳಿದಳು:

"ಕುದುರೆ ಕೊಂದೋಳು ನಮಗೆ ಬುದ್ಧಿ ಹೇಳೋಕೆ ಬಂದ್ಯಾ?"

"ಹೌದಮ್ಮ, ಕೊಂದೋಳೇ. ಅದಕ್ಕೇ ಬಂದೆ."

ಮುದುಕಿಯ ಬುಟ್ಟಿ ಕೆಳಗಿಳಿಯಿತು. ಬೇಕರಿಯಕ್ಕ ಎಲ್ಲವನ್ನೂ ಹೇಳಿದಳು, ಬನ್ನು, ಸಕ್ಕರೆ ನೀರು, ತಾನು ಹೇಳಿದ ಸುಳ್ಳು, ಒಂದನ್ನೂ ಮುಚ್ಚಿಡಲಿಲ್ಲ. ಬಡಗಿ ಡಾಕ್ಟರಮ್ಮ ಬರೆದುಕೊಟ್ಟ ಹುಲ್ಲಿನ ತೂಕದ ಪಟ್ಟಿಯನ್ನು ಶೆಡ್ಡಿನ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಿದ. ಬೇಕರಿಯಕ್ಕ ಹತ್ತು ದಿನ ಆ ಗೇಟಿನಲ್ಲಿ ಕೂತು ಬಕೆಟ್ಟು, ಬುಟ್ಟಿ, ಪೊಟ್ಟಣ ಹಿಡಿದು ಬಂದವರನ್ನೆಲ್ಲ ವಾಪಸು ಕಳಿಸಿದಳು. ಬೈಸಿಕೊಂಡಳು. ಒಂದೂವರೆ ತಿಂಗಳಿಗೆ ಆ ಕುದುರೆ ಬಡಗಿಯ ತಾಯಿಯ ಹಿಂದೆ ಹಿತ್ತಲೆಲ್ಲ ಓಡಾಡಿಕೊಂಡಿತ್ತು. ಬೇಕರಿಯಕ್ಕನ ಗಂಡ ಒಂದು ದಿನ ಬಂದು ಅದನ್ನು ನೋಡಿದ. ಹೆಂಡತಿ ಅಲ್ಲೇ ಇದ್ದಳು. ಅವಳಿಗಾಗಿ ಕಾಯದೆ ಒಬ್ಬನೇ ಮನೆಗೆ ಹೋದ.

ಇಷ್ಟು ಹೊತ್ತು ಕೇಳಿದಿರಿ, ಇನ್ನೊಂದು ಮಾತು ಕೇಳಿ. ನಿಮ್ಮ ಮನೆಗೋ ಪಕ್ಕದ ಮನೆಗೋ ಇಂಥ ಕುದುರೆ ಬಂದರೆ, ನೋಡಲು ಗುಂಪು ಕಟ್ಟಬೇಡಿ. ನೆರಳು, ನೀರು, ನಿಶ್ಶಬ್ದ ಕೊಡಿ. ಡಾಕ್ಟರು ಹೇಳಿದಷ್ಟೇ ಹುಲ್ಲು ಹಾಕಿ, ಅದು ಎಷ್ಟೇ ಬೇಡುವ ಕಣ್ಣಲ್ಲಿ ನೋಡಿದರೂ ಸರಿ. ಮನಸ್ಸು ತಡೆಯದೆ ಬೇರೇನನ್ನೋ ತಿನ್ನಿಸಿಬಿಟ್ಟಿದ್ದರೆ, ಏನು ಹಾಕಿದಿರಿ, ಎಷ್ಟು ಹಾಕಿದಿರಿ, ಯಾವಾಗ ಹಾಕಿದಿರಿ, ಆ ಕ್ಷಣವೇ ಡಾಕ್ಟರಿಗೆ ಹೇಳಿ. ಹೇಳಲು ನಾಚಿಕೆ ಆಗುತ್ತದೆ, ಗೊತ್ತು. ಬೇಕರಿಯಕ್ಕನಿಗೂ ಆಗಿತ್ತು.