ಎಂಟು ಗಾಲಿ

ಸತ್ಯವ್ವ ಕೊಬ್ಬರಿ ಎಣ್ಣೆ ಹಚ್ಚಿದ ಅರಿವೆಯಿಂದ ಗಂಡನ ಬಲಗೈ ಹೆಬ್ಬೆರಳನ್ನು ಮತ್ತೊಮ್ಮೆ ತಿಕ್ಕಿದಳು. ಉಗುರಿನ ಸಂದಿಯಲ್ಲಿ ಕೂತ ಕೆಂಗಂದು ಬಣ್ಣ ಜಪ್ಪಯ್ಯ ಅಂದರೂ ಬಿಡಲಿಲ್ಲ.

"ಬಿಡು ವೈನಿ. ಜಳಕಾ ಆಗೇತಿ, ವಿಭೂತಿ ಹಚ್ಚ್ಯಾರ. ಇನ್ನೇನ್ ತಿಕ್ಕಾಕ ಹತ್ತಿ?" ಎಂದಳು ನಾದಿನಿ ಮಾಯವ್ವ.

"ಈ ಬಣ್ಣಾ ಹಚಗೊಂಡು ಹೋಗೂದು ಬ್ಯಾಡ."

"ಯಾಕ?"

"ಯಾಕಂದ್ರ ಬ್ಯಾಡ."

ತೀರಿಕೊಂಡ ನಿಜಗುಣಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ, ಎಡಗೈಯಲ್ಲಿ ಲಿಂಗ. ಅಂಗಳದಲ್ಲಿ ಅವನ ತಮ್ಮ ಬಸವಣ್ಣೆಪ್ಪ, ಬಿದಿರು ಬಾಳೆಕಂಬ ತರಿಸಿ, ಅಣ್ಣನನ್ನು ಕೂರಿಸಿ ಹೊರುವ ವಿಮಾನ ಕಟ್ಟಿಸುತ್ತಿದ್ದ. ರಾಮದುರ್ಗದಿಂದ ಮಗಳು ಬರುವ ತನಕ ಮಣ್ಣಿಗೆ ಹೊರಡುವ ಹಾಗಿರಲಿಲ್ಲ.

ಆ ಬಣ್ಣ ಗೂಡ್ಸ್ ರೈಲಿನ ಡಬ್ಬಿಯದು. ನಿಜಗುಣಪ್ಪ ಸವದತ್ತಿ ಡಿಪೋದಲ್ಲಿ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವನು. ಮನೆ ಮುನವಳ್ಳಿಯಲ್ಲಿ. ಇಡೀ ತಾಲೂಕಿನಲ್ಲಿ ರೈಲು ಹಳಿಯ ಒಂದು ತುಂಡೂ ಇಲ್ಲ. ಅಂಥ ಊರಲ್ಲಿ ಕೂತು ಈ ಮಹಾಶಯ, ಬಸ್ಸಿನ ಗ್ರೀಸು ತೊಳೆದುಕೊಂಡ ಕೈಯಲ್ಲೇ, ಹಿಂದಿನ ಖೋಲಿಯ ಬಾಗಿಲು ಹಾಕಿಕೊಂಡು, ಅಂಗೈಯೊಳಗೆ ಕೂರುವಂಥ ಗೂಡ್ಸ್ ಡಬ್ಬಿಗಳನ್ನು ಮಾಡುತ್ತಿದ್ದ. ಕಲ್ಲಿದ್ದಲಿನ ತೆರೆದ ಡಬ್ಬಿ, ಎಣ್ಣೆಯ ಟ್ಯಾಂಕರು, ಸಿಮೆಂಟಿನ ಮುಚ್ಚಿದ ಡಬ್ಬಿ. ನಿಜವಾದದ್ದರ ಎಂಬತ್ತೇಳರಲ್ಲಿ ಒಂದು ಪಾಲು, ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ಮಂದಿ ಕೂರುವ ಡಬ್ಬಿಯನ್ನು ಮಾತ್ರ ಒಮ್ಮೆಯೂ ಮಾಡಲಿಲ್ಲ. ನಿವೃತ್ತಿಯಾದ ಮೇಲಂತೂ ಊಟಕ್ಕೆ ಮೂರು ಸಲ ಕೂಗಬೇಕಾಗಿತ್ತು. ಸತ್ಯವ್ವ ಆ ಖೋಲಿಗೆ 'ಸವತಿ ಖೋಲಿ' ಎಂದು ಹೆಸರಿಟ್ಟಾಗ ಓಣಿಯ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಅವಳು ನಗಿಸಲೆಂದು ಹೇಳಿರಲಿಲ್ಲ.

ನಿನ್ನೆ ಸಂಜೆಯೂ ಅವನು ಅಲ್ಲೇ ಇದ್ದ. ಎದೆ ಹಿಡಿದುಕೊಂಡು ಹೊರಬಂದವನು ಹೊಸ್ತಿಲಲ್ಲೇ ಕುಸಿದಿದ್ದ.

ಅಂಗಳದಲ್ಲಿ ಸ್ಕೂಟರ್ ನಿಂತಿತು. ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಚಪ್ಪಲಿ ಬಿಟ್ಟವಳೇ ಸೀದಾ ಒಳಗೆ ಬಂದು, ನಿಜಗುಣಪ್ಪನ ಪಾದಕ್ಕೆ ಹಣೆ ಹಚ್ಚಿ ಹೋ ಎಂದು ಅತ್ತಳು. ನಿನ್ನೆಯಿಂದ ಸತ್ಯವ್ವನ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಈಗ ಯಾರೋ ಬಂದು ಅವಳ ಪಾಲಿನದನ್ನೂ ಸೇರಿಸಿ ಅಳುತ್ತಿದ್ದಳು.

"ಯಾರವಾ ನೀ?" ಮಾಯವ್ವ ಕೇಳಿದಳು.

"ಪೂನಮ್ ರೀ, ಬೆಳಗಾವಿಯಾಕಿ. ನಮ್ಮದು ಲೇಥ್ ಮಷಿನ್ ಐತಿ. ಕಾಕಾರ ಡಬ್ಬಿಗೆ ಗಾಲಿ ನಾನ ಮಾಡಿ ಕೊಡ್ತಿದ್ದೆ. ಮುಂಜಾನಿ ಫೋನ್ ಹಚ್ಚಿದ್ರ ಇವ್ರ ತಮ್ಮ ಎತ್ತಿ ಹೇಳಿದ್ರು..."

ಆ ಹೆಸರು ಸತ್ಯವ್ವನಿಗೆ ಗೊತ್ತಿತ್ತು. ಮುಚ್ಚಿದ ಬಾಗಿಲ ಹಿಂದಿನಿಂದ ವರ್ಷಗಟ್ಟಲೆ ಕೇಳಿದ ಹೆಸರು. ಉಣ್ಣುವಾಗ 'ಹೂಂ', 'ಸಾಕು' ಬಿಟ್ಟರೆ ಮೂರನೇ ಮಾತಾಡದ ಗಂಡ, ಫೋನಿನಲ್ಲಿ ಆ ಹೆಸರಿನ ಜೊತೆ ತಾಸುಗಟ್ಟಲೆ ಮಾತಾಡುತ್ತಿದ್ದ. ಅದು ಅಂಗಡಿಯ ಹೆಸರಿದ್ದೀತು ಎಂದು ತನಗೆ ತಾನೇ ಹೇಳಿಕೊಂಡು ಸತ್ಯವ್ವ ಸುಮ್ಮನಿದ್ದಳು. ಆ ಅಂಗಡಿ ಈಗ ಗಂಡನ ಪಾದ ಹಿಡಿದು ಕೂತಿತ್ತು.

ಪೂನಮ್ ಕಣ್ಣೊರೆಸಿಕೊಂಡು ಪರ್ಸಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದಳು. ಒಳಗೆ ಹಿತ್ತಾಳೆಯ ಗಾಲಿಗಳು ಮಿನುಗಿದವು.

"ಈಗ ಮಾಡ್ತಿದ್ದ ಡಬ್ಬಿದು, ಎಂಟು ಗಾಲಿ. ಹಾಕಿ ಕಾಕಾರ ತೊಡಿ ಮ್ಯಾಲ ಇಡೂಣ್ರಿ. ಜೋಡಿ ಹೋಗ್ಲಿ."

"ಬ್ಯಾಡ," ಎಂದಳು ಸತ್ಯವ್ವ. "ಇಲ್ಲಿ ಅದರ ಜೋಡಿ ಇದ್ದದ್ದ ಸಾಕು. ಅಲ್ಲೀನೂ ಅದರ ಜೋಡಿನ ಇರಬೇಕೇನು?"

"ಇರ್ಲಿ ಬಿಡು ವೈನಿ," ಬಸವಣ್ಣೆಪ್ಪ ಬಾಗಿಲಿಂದಲೇ ಹೇಳಿದ. "ಅಣ್ಣಗ ಅದರ ಮ್ಯಾಲ ಭಾಳ ಜೀವ ಇತ್ತು."

"ಅದಕ್ಕ ಬ್ಯಾಡ ಅನ್ನಾಕ ಹತ್ತೇನಿ."

*

ಮದುವೆಯಾದ ಹೊಸತರಲ್ಲಿ ನಿಜಗುಣಪ್ಪ ರೈಲು ತೋರಿಸುತ್ತೇನೆ ಎಂದು ಅವಳನ್ನು ಅಳ್ನಾವರಕ್ಕೆ ಕರೆದುಕೊಂಡು ಹೋಗಿದ್ದ. ಸತ್ಯವ್ವ ಇಳಕಲ್ ಸೀರೆ ಉಟ್ಟು, ರೊಟ್ಟಿ ಬುತ್ತಿ ಕಟ್ಟಿಕೊಂಡು, ಎರಡು ಬಸ್ಸು ಬದಲಿಸಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತಳು. ಪ್ಯಾಸೆಂಜರ್ ಬಂತು. ಅವಳು ಬುತ್ತಿ ಎತ್ತಿಕೊಂಡು ಎದ್ದು ನಿಂತಳು. ಅವನು ಏಳಲೇ ಇಲ್ಲ. ಪ್ಯಾಸೆಂಜರ್ ಹೋಯಿತು.

"ನಿಂದರು, ಗೂಡ್ಸ್ ಬರತೈತಿ," ಎಂದ.

ಬಂತು. ಕಲ್ಲಿದ್ದಲಿನ ಗಾಡಿ, ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ. ಸಿಟ್ಟಿಗೋ ಬೇಸರಕ್ಕೋ ಅವಳು ಜೋರಾಗಿ ಡಬ್ಬಿ ಎಣಿಸತೊಡಗಿದಳು. ಕೊನೆಗೆ ಅವನು "ಎಷ್ಟಾತು?" ಎಂದು ಕೇಳಿದ, ಅವಳು ಹೇಳಿದಳು, ಅವನು ತಲೆಯಾಡಿಸಿದ. ಅಷ್ಟೇ. ಸೀರೆಯ ಮೇಲೆ ಕರಿಪುಡಿ ಬಿದ್ದಿತ್ತು. ರೈಲು ತೋರಿಸುತ್ತೇನೆ ಎಂದಿದ್ದ, ಹತ್ತಿಸುತ್ತೇನೆ ಎಂದಿರಲಿಲ್ಲ. ಅವಳೇ ಕನಸು ಕಟ್ಟಿಕೊಂಡಿದ್ದಳು. ವಾಪಸು ಬಸ್ಸಿನಲ್ಲಿ ಅವಳು ಕಿಟಕಿಯತ್ತ ಮುಖ ತಿರುಗಿಸಿಕೊಂಡೇ ಬಂದಳು.

*

"ಕಾಕಿ," ಪೂನಮ್ ಮೆಲ್ಲಗೆ ಹತ್ತಿರ ಸರಿದಳು. "ಅಳ್ನಾವರದಾಗ ಡಬ್ಬಿ ಎಣಿಸಿದಾಕಿ ನೀವ ಅಲ್ರಿ?"

ಸತ್ಯವ್ವ ಗಕ್ಕನೆ ತಿರುಗಿದಳು. "ಯಾರ ಹೇಳಿದ್ರು?"

"ಕಾಕಾ. ಎಷ್ಟ ಸಲ ಹೇಳ್ಯಾರ ಅಂತೀರಿ! 'ಗಾಡಿ ನೋಡಾಕ ಹೋದಾಂವ ನಾ, ಲೆಕ್ಕಾ ತಪ್ಪಿದಾಂವನೂ ನಾನ. ಎಣಸಾಕ ಹತ್ತಿದಾಕಿ ಮುಖಾನ ನೋಡ್ಕೋತ ಕುಂತಬಿಟ್ಟೆ. ಕಡೀಕ ಆಕಿನ್ನ ಕೇಳಬೇಕಾತು' ಅಂತಿದ್ರು. ಅಂದು ನಗತಿದ್ರು ನೋಡ್ರಿ, ಕಣ್ಣಾಗ ನೀರ ಬರೂ ಹಂಗ."

ಆ ಮಾತು ಸತ್ಯವ್ವನದು. ಅವಳ ಕಿವಿಗೆ ಬೀಳಬೇಕಾದದ್ದು. ಅದನ್ನು ಈ ಮನುಷ್ಯ ಬೆಳಗಾವಿಯ ಲೇಥ್ ಮಷಿನ್ನಿನ ಮುಂದೆ ಎಷ್ಟೋ ಸಲ ಬಿಚ್ಚಿ ತೋರಿಸಿದ್ದ. ಉಣ್ಣುವಾಗ ಒಂದು ದಿನ, 'ಹೂಂ' ಅನ್ನುವ ಬದಲು, ಇದನ್ನೇ ಅಂದಿದ್ದರೆ ಗಂಟಲಿಗೆ ಏನು ಸಿಕ್ಕಿಕೊಳ್ಳುತ್ತಿತ್ತು? ಬೇರೆ ನಂಟಿದ್ದರೆ ಈ ಹೆಣ್ಣನ್ನು ಬೈದು ಅಂಗಳ ದಾಟಿಸಬಹುದಿತ್ತು. ತನ್ನ ಮಾತನ್ನು ತನಗಿಂತ ಮೊದಲು ಕೇಳಿಸಿಕೊಂಡವಳನ್ನು ಏನೆಂದು ಬೈಯುವುದು?

"ನನಗ ಒಂದ ದಿನಾ ಹೇಳ್ಲಿಲ್ಲ," ಎಂದಳು.

"ನಾಚತಿದ್ರೇನೋ, ಕಾಕಿ."

"ನಿನ್ನ ಮುಂದ ನಾಚಲಿಲ್ಲಲಾ."

ಪೂನಮ್ ಪೊಟ್ಟಣವನ್ನು ಮತ್ತೆ ಮಡಚಿದಳು.

ಓಣಿಯ ಬಾಯಲ್ಲಿ ಕಾರು ನಿಂತಿತು. ಮಗಳು ಅಳುತ್ತ ಓಡಿ ಬಂದಳು. ಅವಳ ಅಳು ಒಂದಿಷ್ಟು ಇಳಿದ ಮೇಲೆ ನಿಜಗುಣಪ್ಪನನ್ನು ಎತ್ತಿ ವಿಮಾನದಲ್ಲಿ ಕೂರಿಸಿದರು. ಹೊತ್ತಾಗುತ್ತದೆ ಎಂದು ಕ್ರಿಯೆಗೆ ಬಂದಿದ್ದ ಅಯ್ಯನವರು ಅವಸರ ಮಾಡಿದರು.

"ನಿಂದರ್ರಿ," ಎಂದು ಸತ್ಯವ್ವ ಎದ್ದು ಹಿಂದಿನ ಖೋಲಿಗೆ ಹೋದಳು.

ಮೇಜಿನ ಮೇಲೆ ಕಲ್ಲಿದ್ದಲಿನ ಡಬ್ಬಿಯಿತ್ತು. ಗಾಲಿಯಿಲ್ಲದೆ ಹೊಟ್ಟೆಯ ಮೇಲೆ ಕೂತಿತ್ತು. ಎತ್ತಿಕೊಂಡರೆ ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ, ಬೆರಳಿಗೆ ಅಂಟಿತು. ಅವಳು ಅದನ್ನು ಅಂಗಳಕ್ಕೆ ತಂದಳು. ಪೂನಮ್ ಮುಖ ಅರಳಿಸಿ, ಪೊಟ್ಟಣ ಬಿಚ್ಚುತ್ತ ಮುಂದೆ ಬಂದಳು.

"ಇಲ್ಲಿ ಕೊಡು," ಎಂದು ಸತ್ಯವ್ವ ಕೈಚಾಚಿದಳು.

ಪೂನಮ್ ಕೊಟ್ಟಳು. ಸತ್ಯವ್ವ ಎಂಟೂ ಗಾಲಿಗಳನ್ನು ಬಿಳಿ ಸೆರಗಿನ ತುದಿಗೆ ಸುರುವಿಕೊಂಡು, ಹಲ್ಲಿನಿಂದ ಎಳೆದು ಗಂಟು ಬಿಗಿದಳು.

"ಗಾಲಿ ಹಾಕಂಗಿಲ್ಲೇನ ವೈನಿ?" ಬಸವಣ್ಣೆಪ್ಪ ಕೇಳಿದ.

ಅವಳು ಬೋಳು ಡಬ್ಬಿಯನ್ನು ಗಂಡನ ತೊಡೆಯ ಮೇಲೆ ಇಟ್ಟು, ಜಾರದಂತೆ ಬಲಗೈಯನ್ನು ಅದರ ಮೇಲೆ ಕೂರಿಸಿ, ಅವನ ಕಿವಿಯ ಹತ್ತಿರ ಬಗ್ಗಿದಳು.

"ಮುಂದ ನಡೀರಿ. ಗಾಲಿ ನಾ ತರತೇನಿ."

ಭಜನೆಯ ತಾಳ ಶುರುವಾಯಿತು. ವಿಮಾನ ಎದ್ದು ಓಣಿಯ ತಿರುವಿನತ್ತ ಹೊರಳಿತು. ಸತ್ಯವ್ವ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ನಡೆದಳು. ಗಂಟಿನ ಬಿಳಿ ಬಟ್ಟೆಯ ಮೇಲೆ ಅವಳ ಹೆಬ್ಬೆರಳಿನ ಕೆಂಗಂದು ಗುರುತು ಒತ್ತಿತ್ತು.